ಅಪ್ಪನ ಹಳೇ ಲ್ಯಾಪ್‌ಟಾಪ್, 1991ರಿಂದ ಬರೆದ ಮಳೆ ಲೆಕ್ಕ, ಬಂದರೆ ಬಂತು ಅನ್ನೋ ನೆಟ್: ಯಾವ ಉಚಿತ ಸಾಫ್ಟ್‌ವೇರ್ ಹಾಕಲಿ?

ಕಾಫಿಕಣ
ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಲ್ಲಿ. ಅಪ್ಪ ಅವ್ವ ಕೊಡಗಿನ ಚೇರಂಬಾಣೆ ಕಡೆ ಕಾಫಿ ತೋಟದಲ್ಲಿ. ಅಪ್ಪನ ಹತ್ತಿರ ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್ ಇದೆ, 4 ಜಿಬಿ ರ್‍ಯಾಮ್, ವಿಂಡೋಸ್ 10. ತುಂಬಾ ನಿಧಾನ ಆಗಿದೆ ಅಂತ ಹೋದ ತಿಂಗಳು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದರು. ಅವರು ಎಲ್ಲ ಒರೆಸಿ ಹೊಸದಾಗಿ ಹಾಕಿ, ಆಫೀಸ್, ಆಂಟಿವೈರಸ್, ಪಿಡಿಎಫ್ ಎಡಿಟರ್ ಅಂತ 3,500 ರೂಪಾಯಿ ತೆಗೆದುಕೊಂಡರು. ಮೂರನೇ ದಿನಕ್ಕೆ ಆಫೀಸ್ ಕೆಂಪು ಪಟ್ಟಿ ತೋರಿಸಿ ಕೂತಿತು. ಕೀ ಕಳ್ಳಮಾಲು. ಫೋನ್ ಮಾಡಿದರೆ "ತನ್ನಿ ಮೇಡಂ, ಇನ್ನೊಂದು ಕೀ ಹಾಕೋಣ" ಅಂತಾರೆ.

ಅಪ್ಪನಿಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಚೆಕ್‌ರೋಲ್ (ಕೆಲಸದವರ ಹಾಜರಿ) ಮತ್ತು ವಾರದ ಬಟವಾಡೆ ಲೆಕ್ಕ. ಪಂಚಾಯಿತಿಗೆ, ಸೊಸೈಟಿಗೆ ಕನ್ನಡದಲ್ಲಿ ಅರ್ಜಿ. ಹಿಂದೆ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಇನ್ನೂರು ಮುನ್ನೂರು ಪತ್ರಗಳು ಪೆನ್‌ಡ್ರೈವ್‌ನಲ್ಲಿ ಉಳಿದಿವೆ. ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಲ್ಲಕ್ಕಿಂತ ಮುಖ್ಯ ಮಳೆ ಲೆಕ್ಕ. 1991ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ ಇಂಚು ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಡೈರಿಯಲ್ಲಿ ಬರೆದಿದ್ದಾರೆ. ಡೈರಿಗಳಿಗೆ ಬೂಷ್ಟು ಹಿಡಿಯುತ್ತಿದೆ, ಕಂಪ್ಯೂಟರ್‌ಗೆ ಹಾಕಬೇಕು ಅನ್ನುವುದು ಅವರ ಆಸೆ.

ನೆಟ್ ಬೇಕಾದರೆ ಗೇಟಿನವರೆಗೆ ನಡೆದು ಹೋಗಬೇಕು. ಹಾಗಾಗಿ ಆನ್‌ಲೈನ್‌ನಲ್ಲಿ ಎಲ್ಲ ಇದೆ ಅನ್ನುವ ಉತ್ತರ ಬೇಡ. ದುಡ್ಡು ಇನ್ನು ಕೊಡುವುದಿಲ್ಲ ಅಂತ ಅಪ್ಪ ಹಠ ಹಿಡಿದಿದ್ದಾರೆ.

ನಾಪೋಕ್ಲು ಹುಡುಗ
ಅಕ್ಕ, ಮೊದಲು ಆ ಕ್ರ್ಯಾಕ್ ಆಫೀಸ್ ತೆಗೀರಿ. ಕೀ ಹಾಕೋ ಆಟದಲ್ಲಿ ಜೊತೆಗೆ ಏನೇನು ತೂರಿಸಿರ್ತಾರೋ ಗೊತ್ತಿಲ್ಲ. ಆ ಆಂಟಿವೈರಸ್ ಕೂಡ ಬೇಡ. ವಿಂಡೋಸ್ ಜೊತೆಗೇ ಒಂದು ಬಂದಿರುತ್ತೆ, ಮನೆಗೆ ಅದು ಸಾಕು. ಇನ್ನೊಂದು ಹಾಕಿದರೆ 4 ಜಿಬಿ ಮೆಷಿನ್ ಏದುಸಿರು ಬಿಡುತ್ತೆ.

ಲಿಬ್ರೆಆಫೀಸ್ ಹಾಕಿ. ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ.

ಸುಂಟಿಕೊಪ್ಪ ಮೇಷ್ಟ್ರು
ಲಿಬ್ರೆಆಫೀಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಾಲೆಯಲ್ಲಿ ಬಹಳ ವರ್ಷದಿಂದ ಬಳಸುತ್ತಿದ್ದೇನೆ, ಬೈದಿದ್ದೂ ಇದೆ.

2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು ಇದು. ನೋಡಿಕೊಳ್ಳುವುದು ಡಾಕ್ಯುಮೆಂಟ್ ಫೌಂಡೇಶನ್ ಅನ್ನುವ ಲಾಭಕ್ಕಲ್ಲದ ಸಂಸ್ಥೆ. ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಸ್ಲೈಡಿಗೆ ಇಂಪ್ರೆಸ್. ಮೆನುಗಳನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು, ಇನ್‌ಸ್ಟಾಲ್ ಮಾಡುವಾಗ ಕಸ್ಟಮ್ ಆಯ್ಕೆಯಲ್ಲಿ ಕನ್ನಡ ಸೇರಿಸಿಕೊಳ್ಳಬೇಕು. ಪತ್ರವನ್ನು ಒಂದೇ ಬಟನ್‌ನಲ್ಲಿ ಪಿಡಿಎಫ್ ಮಾಡುತ್ತದೆ. ನಿಮ್ಮ ಅಂಗಡಿಯವರು ಮಾರಿದ ಪಿಡಿಎಫ್ ಎಡಿಟರಿನ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ತೊಂದರೆ ಏನಪ್ಪಾ ಅಂದರೆ, ವರ್ಡ್‌ನಲ್ಲಿ ಮಾಡಿದ ಫೈಲನ್ನು ಇದರಲ್ಲಿ ತೆರೆದರೆ ಕೆಲವೊಮ್ಮೆ ಸಾಲು ಕೆಳಗೆ ಜಾರುತ್ತದೆ, ಟೇಬಲ್ ಒಡೆಯುತ್ತದೆ. ಬೇರೆಯವರು ತಿದ್ದಿ ವಾಪಸ್ ಕಳಿಸಬೇಕಾದ ಫೈಲಾದರೆ ವರ್ಡ್ ರೂಪದಲ್ಲಿ ಉಳಿಸಿ. ನಿಮ್ಮದೇ ಲೆಕ್ಕವಾದರೆ ಅದರದ್ದೇ ರೂಪದಲ್ಲಿ ಉಳಿಸಿ. ಬರೀ ಓದಲಿಕ್ಕಾದರೆ ಪಿಡಿಎಫ್ ಕಳಿಸಿ. ಇಷ್ಟು ನೆನಪಿದ್ದರೆ ಜಗಳ ಇಲ್ಲ.

ಕಾಫಿಕಣ
ಥ್ಯಾಂಕ್ಸ್ ಸರ್. ಇಳಿಸಿಕೊಳ್ಳುವುದು ಎಲ್ಲಿಂದ? ಹುಡುಕಿದರೆ ಹತ್ತು ಸೈಟ್ ಬರುತ್ತವೆ, ಎಲ್ಲದರಲ್ಲೂ ದೊಡ್ಡ ಹಸಿರು ಡೌನ್‌ಲೋಡ್ ಬಟನ್.

ಬಾಳೆಲೆ ಅಕ್ಕ
ಆ ಹಸಿರು ಬಟನ್ ಕಥೆ ನನ್ನನ್ನು ಕೇಳಿ ತಂಗಿ. ಮಗನ ಪ್ರಾಜೆಕ್ಟ್ ವಿಡಿಯೋ ನೋಡಲು ವಿಎಲ್‌ಸಿ ಬೇಕಿತ್ತು. ಹುಡುಕಾಟದಲ್ಲಿ ಮೊದಲು ಬಂದದ್ದನ್ನು ಒತ್ತಿದೆ. ಅದು ಜಾಹೀರಾತು ಅಂತ ಸಣ್ಣಕ್ಷರದಲ್ಲಿ ಬರೆದಿದ್ದರಂತೆ, ನನ್ನ ಕನ್ನಡಕಕ್ಕೆ ಕಾಣಲಿಲ್ಲ. ವಿಎಲ್‌ಸಿ ಬಂತು, ಜೊತೆಗೆ ಅದರ ನೆಂಟರೂ ಬಂದರು. ಬ್ರೌಸರಿನ ಮೊದಲ ಪುಟ ಬದಲಾಯ್ತು, ಯಾವುದೋ ಸ್ಪೀಡ್ ಬೂಸ್ಟರ್ ಬಂದು "ನಿಮ್ಮ ಕಂಪ್ಯೂಟರಿನಲ್ಲಿ 1,243 ದೋಷಗಳಿವೆ, ಸರಿ ಮಾಡಲು ಹಣ ಕಟ್ಟಿ" ಅಂತ ಶುರು ಮಾಡಿತು. ಎರಡು ದಿನ ಕಿತ್ತು ಹಾಕಿದ್ದೇ ಕೆಲಸ.

ಈಗ ನಾನು ಮಾಡುವುದು ಇಷ್ಟೇ. ಸಾಫ್ಟ್‌ವೇರ್‌ನ ವಿಕಿಪೀಡಿಯ ಪುಟಕ್ಕೆ ಹೋಗ್ತೀನಿ, ಅಲ್ಲಿ ಬಲಗಡೆ ಪೆಟ್ಟಿಗೆಯಲ್ಲಿ ಅದರ ಸ್ವಂತ ವೆಬ್‌ಸೈಟ್ ಇರುತ್ತೆ, ಅದನ್ನು ಒತ್ತುತ್ತೀನಿ. ವಿಎಲ್‌ಸಿಗೆ ವಿಡಿಯೋಲ್ಯಾನ್ ಡಾಟ್ ಆರ್ಗ್. ಲಿಬ್ರೆಆಫೀಸ್‌ಗೆ ಲಿಬ್ರೆಆಫೀಸ್ ಡಾಟ್ ಆರ್ಗ್. ಹೊಸ ಕಂಪ್ಯೂಟರ್ ಆದರೆ ನಿನೈಟ್ ಅಂತ ಒಂದು ಸೈಟ್ ಇದೆ, ಬೇಕಾದವಕ್ಕೆಲ್ಲ ಟಿಕ್ ಹಾಕಿದರೆ ಒಂದೇ ಫೈಲ್ ಕೊಡುತ್ತೆ, ಓಡಿಸಿದರೆ ಎಲ್ಲವನ್ನೂ ಸ್ವಂತ ಸೈಟಿನಿಂದಲೇ ತಂದು ಹಾಕುತ್ತೆ. ನೆಂಟರು ಬರೋದಿಲ್ಲ.

ನಾಪೋಕ್ಲು ಹುಡುಗ
ಡೌಟ್ ಇದ್ದರೆ ಇಳಿಸಿದ ಫೈಲನ್ನು ಓಡಿಸೋ ಮೊದಲು ವೈರಸ್‌ಟೋಟಲ್‌ಗೆ ಹಾಕಿ ನೋಡಿ. ಎಪ್ಪತ್ತಕ್ಕಿಂತ ಜಾಸ್ತಿ ಆಂಟಿವೈರಸ್‌ಗಳು ಒಟ್ಟಿಗೆ ನೋಡುತ್ತವೆ. ಒಂದೆರಡು ಕೆಂಪು ಬಂದರೆ ಗಾಬರಿ ಬೇಡ, ತಪ್ಪಾಗಿಯೂ ಬರುತ್ತೆ. ಹತ್ತಿಪ್ಪತ್ತು ಬಂದರೆ ಡಿಲೀಟ್. ಮನೆಯ ಕಾಗದಪತ್ರ ಮಾತ್ರ ಅಲ್ಲಿಗೆ ಹಾಕಬೇಡಿ, ಬೇರೆಯವರು ನೋಡೋ ಸಾಧ್ಯತೆ ಇದೆ.

ಹಳೇ ಡಿಟಿಪಿ
ನುಡಿ ಚಿತ್ರಾನ್ನದ ವಿಷಯಕ್ಕೆ ಬರೋಣ. ನಾನು ಮಡಿಕೇರಿಯಲ್ಲಿ ಇಪ್ಪತ್ತು ವರ್ಷ ಡಿಟಿಪಿ ಮಾಡಿದವನು. ಲಗ್ನಪತ್ರಿಕೆ, ಪುತ್ತರಿ ಕೈಲ್‌ಪೊಳ್ದ್ ಶುಭಾಶಯ ಬ್ಯಾನರ್, ಸಂಘದ ವರದಿ, ಎಲ್ಲ ಆ ಕಾಲದ ನುಡಿ, ಬರಹ ಅನ್ನುವ ಎರಡು ಸಾಫ್ಟ್‌ವೇರ್‌ಗಳಲ್ಲೇ. ಆಗ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಜಾಗ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟ್ ಮಾಡಿದರು. ಒಳಗಡೆ ಕಂಪ್ಯೂಟರಿಗೆ ಅದು ಇಂಗ್ಲಿಷೇ. ಮೇಲೆ ನುಡಿ ಫಾಂಟಿನ ಅಂಗಿ ತೊಡಿಸಿದ್ದರಿಂದ ನಮಗೆ ಕನ್ನಡ ಕಾಣುತ್ತಿತ್ತು. ಅಂಗಡಿಯವರು ಒರೆಸಿದಾಗ ಫಾಂಟೂ ಹೋಯಿತು, ಅಂಗಿ ಬಿಚ್ಚಿದಂತಾಯಿತು. ಪತ್ರ ಹಾಳಾಗಿಲ್ಲ, ಹೆದರಬೇಡಿ.

ಮಾಡಬೇಕಾದ್ದು ಹೀಗೆ. ಮೊದಲು ಪೆನ್‌ಡ್ರೈವ್‌ನ ಫೋಲ್ಡರನ್ನು ಹಾಗೇ ಇನ್ನೊಂದು ಕಡೆ ನಕಲು ಮಾಡಿಡಿ, ಮೂಲವನ್ನು ಮುಟ್ಟಲೇಬೇಡಿ. ನುಡಿಯನ್ನು ಪುನಃ ಹಾಕಿದರೆ ಫಾಂಟ್‌ಗಳು ಬರುತ್ತವೆ, ಪತ್ರ ಕಾಣುತ್ತದೆ. ಆದರೆ ಕಂಡರೆ ಸಾಲದು. ಹೀಗೆ ಇಂಗ್ಲಿಷ್ ಜಾಗದಲ್ಲಿ ಕೂರಿಸಿದ್ದಕ್ಕೆ ಆಸ್ಕಿ ಅನ್ನುತ್ತಾರೆ. ಆಸ್ಕಿಯಲ್ಲಿರುವ ಪತ್ರದೊಳಗೆ ಕನ್ನಡ ಪದ ಹುಡುಕಲು ಬರುವುದಿಲ್ಲ, ವಾಟ್ಸಾಪಿಗೆ ಹಾಕಿದರೆ ಪುನಃ ಚಿತ್ರಾನ್ನ. ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ನಂಬರ್, ಫಾಂಟ್ ಬದಲಾದರೂ ಅಕ್ಷರ ಬದಲಾಗುವುದಿಲ್ಲ. "ಆಸ್ಕಿ ಯೂನಿಕೋಡ್ ಕನ್ನಡ ಪರಿವರ್ತಕ" ಅಂತ ಹುಡುಕಿ, ಉಚಿತವಾದವು ಸಿಗುತ್ತವೆ. ಒಂದು ಕಡೆ ಪೇಸ್ಟ್ ಮಾಡಿದರೆ ಇನ್ನೊಂದು ಕಡೆ ಕನ್ನಡ ಬರುತ್ತದೆ.

ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಅರ್ಜಿ, ವರ್ಷ, ಕಾರ್ಯದರ್ಶಿ. ಎಡವಟ್ಟಾದರೆ ಅಲ್ಲೇ ಆಗುವುದು. ಮಧ್ಯೆ ಇಂಗ್ಲಿಷ್‌ನಲ್ಲೇ ಬರೆದ ಹೆಸರು ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿ ಹಾಕುತ್ತದೆ.

ಕಕ್ಕಡ 18
ಡಿಟಿಪಿ ಅಣ್ಣ, ನಮ್ಮ ಅಜ್ಜ ಹೇಳಿದ ಕೊಡವ ಪಾಟ್‌ಗಳನ್ನೆಲ್ಲ (ಹಾಡುಗಳನ್ನೆಲ್ಲ) ಯಾರೋ ಹಳೇ ಫಾಂಟಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. ಕೊಡವ ತಕ್ಕ್ (ಕೊಡವ ಭಾಷೆ) ಆದ್ರೂ ಇದೇ ದಾರಿನಾ?

ಹಳೇ ಡಿಟಿಪಿ
ಕನ್ನಡ ಲಿಪಿಯಲ್ಲೇ ಬರೆದಿದ್ದರೆ ಅದೇ ದಾರಿ. ಫಾಂಟಿಗೆ ಭಾಷೆ ಯಾವುದು ಅಂತ ಗೊತ್ತಿಲ್ಲ. ಆದರೆ ಸಾಲುಸಾಲಾಗಿ ಮನೆಯಲ್ಲಿ ಹಿರಿಯರ ಹತ್ತಿರ ಓದಿಸಿ ನೋಡಿ. ಕನ್ನಡದ ಪದ ತಪ್ಪಿದರೆ ನಮಗೆ ತಟ್ಟನೆ ಗೊತ್ತಾಗುತ್ತದೆ, ಪಾಟ್‌ನ ಹಳೇ ಪದ ತಪ್ಪಿದರೆ ಯಾರಿಗೂ ಗೊತ್ತಾಗದೆ ಹಾಗೇ ಉಳಿದುಬಿಡುತ್ತದೆ.

ಕಾಫಿಕಣ
ಅಪ್ಪನ ಹತ್ತು ಪತ್ರ ಪರಿವರ್ತನೆ ಮಾಡಿದೆ. ಎಂಟು ಸರಿಯಾಗಿ ಬಂದವು. 2007ರಲ್ಲಿ ರಸ್ತೆಗೆ ಜಲ್ಲಿ ಹಾಕಿಸಿ ಅಂತ ಬರೆದ ಅರ್ಜಿಯೂ ಸಿಕ್ಕಿತು. ಅದೇ ರಸ್ತೆಗೆ ಈಗಲೂ ಅದನ್ನೇ ಕಳಿಸಬಹುದು, ತಾರೀಕು ಬದಲಾಯಿಸಿದರೆ ಸಾಕು.

ಹೊಸದಾಗಿ ಟೈಪ್ ಮಾಡಲು ಯಾವುದು ಒಳ್ಳೇದು?

ಸುಂಟಿಕೊಪ್ಪ ಮೇಷ್ಟ್ರು
ಹೆಚ್ಚಿನವರಿಗೆ ಗೊತ್ತಿಲ್ಲದ್ದು ಒಂದಿದೆ. ವಿಂಡೋಸ್ 10ರಲ್ಲೇ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ (ಉಚ್ಚಾರದಂತೆ ಇಂಗ್ಲಿಷ್ ಕೀ ಒತ್ತಿದರೆ ಕನ್ನಡ ಬರುವಂಥದ್ದು) ಇದೆ, ಬೇರೆ ಏನೂ ಇಳಿಸಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಹೋಗಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಕೀಬೋರ್ಡ್ ಅಂತ ಇರುವಲ್ಲಿ ಫೊನೆಟಿಕ್ ಆರಿಸಿ. ಆಮೇಲೆ ವಿಂಡೋಸ್ ಬಟನ್ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ ಇಂಗ್ಲಿಷ್ ಬದಲಾಗುತ್ತದೆ. ಆದರೆ ನಿಮ್ಮ ತಂದೆಯವರ ಬೆರಳಿಗೆ ನುಡಿ ಕೂತಿದ್ದರೆ ಅದನ್ನು ಬಿಡಿಸಬೇಡಿ. ಹೊಸ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಟ್ಟರೆ ಆಯಿತು.

ಪದದ ಅರ್ಥಕ್ಕೆ ಅಲರ್ ಡಾಟ್ ಇಂಕ್. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಮಾಡಿದ ಕನ್ನಡ ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದ. 2019ರಿಂದ ಎಲ್ಲರಿಗೂ ಉಚಿತ. ಜಾಹೀರಾತೂ ಇಲ್ಲ. ಇಂಥದ್ದಕ್ಕೆ ಕೈ ಮುಗಿಯಬೇಕು.

ಮೆಣಸುಬಳ್ಳಿ
ಪಿಡಿಎಫ್ ಬಗ್ಗೆ ಯಾರೂ ಹೇಳಿಲ್ಲ. ಆನ್‌ಲೈನಲ್ಲಿ ಪಿಡಿಎಫ್ ಜೋಡಿಸೋ ಸೈಟ್ ಬೇಕಾದಷ್ಟಿವೆ, ಸುಮ್ನೆ ಅಲ್ಲಿ ಹಾಕಿ.

ಬಾಳೆಲೆ ಅಕ್ಕ
ಮೆಣಸುಬಳ್ಳಿಯವರೇ, ಬೇಡ. ಪಹಣಿ, ಆಧಾರ್, ಪಾಸ್‌ಬುಕ್ ಮೂರನ್ನೂ ಜೋಡಿಸಿ ಒಂದೇ ಪಿಡಿಎಫ್ ಮಾಡೋದು ನಮ್ಮಲ್ಲಿ ವಾರಕ್ಕೊಂದು ಸಲ ಬರೋ ಕೆಲಸ. ಆ ಸೈಟುಗಳಲ್ಲಿ ಹೆಚ್ಚಿನವು ನಿಮ್ಮ ಫೈಲನ್ನು ತಮ್ಮ ಕಂಪ್ಯೂಟರಿಗೆ ತರಿಸಿಕೊಂಡು ಕೆಲಸ ಮಾಡುತ್ತವೆ. ಸ್ವಲ್ಪ ಹೊತ್ತಿಗೆ ಅಳಿಸ್ತೀವಿ ಅಂತ ಬರೆದಿರ್ತಾರೆ, ಒಳ್ಳೆಯವರು ಅಳಿಸುತ್ತಾರೆ ಕೂಡ. ಆದರೆ ಯಾವುದು ಒಳ್ಳೇದು ಅಂತ ನಾನು ಹೇಗೆ ನೋಡಲಿ? ಮದುವೆ ಮೆನು ಆದರೆ ಅಲ್ಲಿ ಹಾಕಿ. ಪಹಣಿ ಆದರೆ ನಿಮ್ಮ ಕಂಪ್ಯೂಟರಿನಲ್ಲೇ ಮಾಡಿ. ಪಿಡಿಎಫ್24 ಅಂತ ಇದೆ, ಅದರ ವಿಂಡೋಸ್ ಆವೃತ್ತಿ ಉಚಿತ, ನೆಟ್ ಇಲ್ಲದೆ ನಡೆಯುತ್ತೆ. ಜೋಡಿಸೋದು, ಬಿಡಿಸೋದು, ಸೈಜ್ ಇಳಿಸೋದು, ಪುಟ ತಿರುಗಿಸೋದು ಎಲ್ಲ ಆಗುತ್ತೆ. ಪಿಡಿಎಫ್‌ಸ್ಯಾಮ್ ಬೇಸಿಕ್ ಕೂಡ ಇದೆ, ಜೋಡಿಸಿ ಬಿಡಿಸೋದಕ್ಕೆ ಅಷ್ಟು ಸಾಕು. ಬರೀ ಓದಲಿಕ್ಕೆ ಸುಮಾತ್ರ ಪಿಡಿಎಫ್, ಎಷ್ಟು ಹಗುರ ಅಂದರೆ ಹಳೇ ಮೆಷಿನಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ತೆರೆಯುತ್ತೆ.

ಆಧಾರ್ ಎಲ್ಲಿಗಾದರೂ ಕೊಡಬೇಕಾದರೆ ಅದರದ್ದೇ ಅಧಿಕೃತ ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತೆ. ಹೋಂಸ್ಟೇಯವರು ಗೆಸ್ಟ್ ಹತ್ತಿರ ಆಧಾರ್ ಫೋಟೋ ವಾಟ್ಸಾಪಲ್ಲಿ ತಗೊಳ್ಳೋದು ನೋಡಿದರೆ ನನಗೆ ಮೈ ಉರಿಯುತ್ತೆ. ಅದು ಬೇರೆ ಮಾತು ಬಿಡಿ.

ಮೆಣಸುಬಳ್ಳಿ
ಒಪ್ಪಿದೆ ಅಕ್ಕ. ಹೋದ ವಾರವೇ ಪಹಣಿ ಒಂದು ಸೈಟಲ್ಲಿ ಹಾಕಿದ್ದೆ 😬

ನಾಪೋಕ್ಲು ಹುಡುಗ
ಫೋಟೋ 50 ಕೆಬಿ ಒಳಗೆ ಬೇಕು ಅಂತ ಅರ್ಜಿಗಳಲ್ಲಿ ಪ್ರಾಣ ತಿಂತಾರಲ್ಲ, ಅದಕ್ಕೆ ಸ್ಕ್ವೂಶ್ ಡಾಟ್ ಆ್ಯಪ್. ಬ್ರೌಸರಲ್ಲಿ ನಡೆಯುತ್ತೆ, ಆದರೆ ಫೋಟೋ ಎಲ್ಲಿಗೂ ಹೋಗಲ್ಲ, ನಿಮ್ಮ ಮೆಷಿನಲ್ಲೇ ಚಿಕ್ಕದಾಗುತ್ತೆ. ಗುಣಮಟ್ಟದ ಸ್ಲೈಡರ್ ಎಳೀತಾ ಹೋದರೆ ಎಷ್ಟು ಕೆಬಿ ಆಯ್ತು ಅಂತ ಕೆಳಗೆ ತೋರಿಸುತ್ತೆ.

ಮಳೆಗಾಲದ ಕಪ್ಪೆ
ಎಲ್ಲರೂ ವಿಂಡೋಸ್ 10ರ ಮೇಲೆ ಮನೆ ಕಟ್ಟುತ್ತಿದ್ದೀರಿ, ಅಡಿಪಾಯ ನೋಡಿದಿರಾ? 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿದಿದೆ. ಎಂಟು ವರ್ಷದ ಲ್ಯಾಪ್‌ಟಾಪ್ ಅಂದರೆ ವಿಂಡೋಸ್ 11 ಹತ್ತುವುದು ಕಷ್ಟ, ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ವಿಂಡೋಸ್ ತೆಗೆದು ಅದರ ಜಾಗಕ್ಕೆ ಸೀದಾ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಮುಗಿಸಿ. 4 ಜಿಬಿಗೆ ಆರಾಮಾಗಿ ಓಡುತ್ತದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಅದರೊಳಗೇ ಬರುತ್ತವೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಕ್ರ್ಯಾಕ್ ಇಲ್ಲ, ಕೀ ಇಲ್ಲ, ಅಂಗಡಿ ಇಲ್ಲ.

ಹಳೇ ಡಿಟಿಪಿ
ಕಪ್ಪೆ ಸರ್, ನೀವು ಹೇಳುವುದು ಸರಿ. ಆದರೆ ಎಪ್ಪತ್ತರ ಹತ್ತಿರದ ಒಬ್ಬರು ಗೇಟಿನ ಹತ್ತಿರ ನೆಟ್ ಹಿಡಿದುಕೊಂಡು ಲಿನಕ್ಸ್ ಕಲಿಯಬೇಕಾ? ನುಡಿ ಅದರಲ್ಲಿ ನಡೆಯುವುದಿಲ್ಲ. ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರೂ ಇಲ್ಲ. ಆಡಿಟರ್ ಕೊಟ್ಟ ಡಿಜಿಟಲ್ ಸಹಿಯ ಡಾಂಗಲ್ ಸಿಕ್ಕಿಸಿದರೆ ಏನಾಗುತ್ತದೆ ಅಂತ ದೇವರೇ ಬಲ್ಲ.

ಮಳೆಗಾಲದ ಕಪ್ಪೆ
ಟ್ಯಾಲಿ, ಡಾಂಗಲ್ ಇದ್ದರೆ ನಾನೂ ವಿಂಡೋಸ್ ಇಟ್ಟುಕೊಳ್ಳಿ ಅಂತಲೇ ಹೇಳುವುದು. ಇವರ ತಂದೆಗೆ ಅದ್ಯಾವುದೂ ಬೇಡವಲ್ಲ. ಪತ್ರ, ಲೆಕ್ಕ, ಮಳೆ, ಅಷ್ಟೇ. ನಮ್ಮ ತಂದೆಗೂ ಹಾಕಿಕೊಟ್ಟಿದ್ದೇನೆ, ಅವರಿಗೆ ಅದು ಲಿನಕ್ಸ್ ಅಂತಲೇ ಗೊತ್ತಿಲ್ಲ. ಕೆಳಗೆ ಎಡಗಡೆ ಮೆನು ಇದೆ, ಒತ್ತಿದರೆ ಲೆಕ್ಕದ ಪುಸ್ತಕ ತೆರೆಯುತ್ತದೆ. ಕನ್ನಡ ಟೈಪಿಂಗ್ ಕೂಡ ಇದೆ, ಮೊದಲ ಸಲ ಯಾರಾದರೂ ಕೂರಿಸಿಕೊಡಬೇಕು.

ಮೊದಲು ಪರೀಕ್ಷೆ ಮಾಡಿ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಮಿಂಟ್ ಬರೆಯಿರಿ. ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿದರೆ ಒಳಗಿನ ಡಿಸ್ಕ್ ಮುಟ್ಟದೆಯೇ ಮಿಂಟ್ ಓಡುತ್ತದೆ. ಪ್ರಿಂಟರ್ ಹಿಡಿಯುತ್ತಾ, ವೈಫೈ ಹಿಡಿಯುತ್ತಾ ನೋಡಿ. ಹಿಡಿಯದಿದ್ದರೆ ಪೆನ್‌ಡ್ರೈವ್ ಕಿತ್ತು ಸುಮ್ನಿರಿ.

ಬಾಳೆಲೆ ಅಕ್ಕ
ಅವಸರ ಇಲ್ಲದವರಿಗೆ ಇನ್ನೊಂದು ದಾರಿ. ವಿಂಡೋಸ್ 10ಕ್ಕೆ ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲೂ ಮಾಡಿದರೆ ದುಡ್ಡಿಲ್ಲದೆ ಸಿಗುತ್ತೆ. ಅಷ್ಟರಲ್ಲಿ ಪೆನ್‌ಡ್ರೈವ್ ಪರೀಕ್ಷೆ ಮಾಡ್ತಾ ಇರಿ.

ಉಚಿತ ಅಲ್ಲದಿದ್ದರೂ ಒಂದು ಹೇಳ್ತೀನಿ. ಒಳಗೆ ತಿರುಗೋ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ಎಸ್‌ಎಸ್‌ಡಿಗೆ (ತಿರುಗೋ ಭಾಗ ಇಲ್ಲದ, ವೇಗದ ಡಿಸ್ಕ್) ಬದಲಾಯಿಸಿ. ಅಂಗಡಿಗೆ ಕೊಟ್ಟ ಆ 3,500 ಅಲ್ಲಿಗೆ ಹೋಗಬೇಕಿತ್ತು.

ಹೊಸಬ 2
ನೆಟ್ ಸ್ಲೋ ಇದ್ದರೆ ಫ್ರೀ ವಿಪಿಎನ್ ಹಾಕಿ, ಸ್ಪೀಡ್ ಆಗುತ್ತೆ. ರಿಜಿಸ್ಟ್ರಿ ಕ್ಲೀನರ್ ಕೂಡ ಹಾಕಿ.

ನಾಪೋಕ್ಲು ಹುಡುಗ
ಇಲ್ಲ ಗುರು. ವಿಪಿಎನ್ ಅಂದ್ರೆ ನಿಮ್ಮ ನೆಟ್ಟನ್ನು ಬೇರೆಯವರ ಸರ್ವರ್ ಮೂಲಕ ಸುತ್ತಿಸಿ ಕಳಿಸೋದು. ಮಡಿಕೇರಿಯಿಂದ ಕುಶಾಲನಗರಕ್ಕೆ ವಿರಾಜಪೇಟೆ ಮೇಲೆ ಹೋದ ಹಾಗೆ, ದಾರಿ ಉದ್ದ ಆಗುತ್ತೆ ಹೊರತು ಕಮ್ಮಿ ಆಗಲ್ಲ. ನಿಮ್ಮ ನೆಟ್ಟೆಲ್ಲ ಅವರ ಕೈಯಿಂದ ಹಾದು ಹೋಗುತ್ತೆ. ಫ್ರೀ ಕೊಡೋನು ಆ ಸರ್ವರ್ ಖರ್ಚು ಎಲ್ಲಿಂದ ಹುಟ್ಟಿಸ್ತಾನೆ ಅಂತ ಯೋಚನೆ ಮಾಡಿ. ರಿಜಿಸ್ಟ್ರಿ ಕ್ಲೀನರ್ ಯಾರಿಗೂ ಬೇಡ. ನೆಟ್ ಉಳಿಸಬೇಕಾ, ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಹಾಕಿ. ಜಾಹೀರಾತು ಇಳಿಯೋದೇ ಇಲ್ಲ, ಪುಟ ಬೇಗ ತೆರೆಯುತ್ತೆ, ಡೇಟಾ ಉಳಿಯುತ್ತೆ. ಅಕ್ಕ ಹೇಳಿದ ಹಸಿರು ಬಟನ್‌ಗಳಲ್ಲಿ ಮುಕ್ಕಾಲು ಪಾಲು ಮಾಯ. ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ ಮಾತ್ರ ನಡೆಯುವುದು.

ಸುಂಟಿಕೊಪ್ಪ ಮೇಷ್ಟ್ರು
ನೆಟ್ ಇಲ್ಲದ ಊರು ಅಂದದ್ದಕ್ಕೆ ಕಿವಿಕ್ಸ್ ನೆನಪಾಯಿತು. ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿ ಇಟ್ಟುಕೊಂಡು ಓದುವ ಸಾಫ್ಟ್‌ವೇರ್ ಅದು. ಕನ್ನಡ ವಿಕಿಪೀಡಿಯವೂ ಸಿಗುತ್ತದೆ. ಪೇಟೆಗೆ ಬಂದಾಗ ಒಮ್ಮೆ ಇಳಿಸಿಕೊಂಡರೆ ಪೆನ್‌ಡ್ರೈವ್‌ನಲ್ಲೇ ಮನೆಗೆ ಬರುತ್ತದೆ. ಕಕ್ಕಡದ (ಜುಲೈ ಆಗಸ್ಟ್ ಹೊತ್ತಿನ) ಮಳೆಗೆ ನಾಲ್ಕು ದಿನ ಟವರ್ ಮಲಗಿದ್ದಾಗ ನಮ್ಮ ಶಾಲೆಯ ಮಕ್ಕಳು ಪ್ರಾಜೆಕ್ಟ್ ಬರೆದದ್ದು ಅದರಿಂದಲೇ.

ಫೋನಿನಿಂದ ಲ್ಯಾಪ್‌ಟಾಪಿಗೆ ಫೋಟೋ ಕಳಿಸಲು ಲೋಕಲ್‌ಸೆಂಡ್. ಎರಡೂ ಒಂದೇ ವೈಫೈಯಲ್ಲಿದ್ದರೆ ಸಾಕು, ಆ ವೈಫೈಗೆ ನೆಟ್ ಇರಲೇಬೇಕು ಅಂತಿಲ್ಲ. ಫೋನಿನ ಹಾಟ್‌ಸ್ಪಾಟ್ ಆದರೂ ನಡೆಯುತ್ತದೆ.

ಕಕ್ಕಡ 18
ಮ್ಯಾಪಿಗೆ ಆರ್ಗ್ಯಾನಿಕ್ ಮ್ಯಾಪ್ಸ್. ಇಡೀ ರಾಜ್ಯ ಇಳಿಸಿಟ್ಟುಕೊಂಡರೆ ತಲಕಾವೇರಿ ಬೆಟ್ಟದ ಮೇಲೂ ದಾರಿ ತೋರಿಸುತ್ತೆ, ಸಿಗ್ನಲ್ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಅದು, ನಮ್ಮ ಊರಿನ ರಸ್ತೆ ಇಲ್ಲದಿದ್ದರೆ ನಾವೇ ಸೇರಿಸಬಹುದು. ನಾನು ನಮ್ಮ ಐನ್‌ಮನೆ (ಕುಟುಂಬದ ಮೂಲಮನೆ) ದಾರಿ ಸೇರಿಸಿದೆ. ಈಗ ಮೈಸೂರಿನ ನೆಂಟರು ಪಕ್ಕದವರ ಅಂಗಳಕ್ಕೆ ಕಾರು ನುಗ್ಗಿಸೋದು ನಿಂತಿದೆ.

ಕಾಫಿಕಣ
ಒಂದು ಬೇಜಾರಿನ ವಿಷಯ. ಅಂಗಡಿಯವರು ಒರೆಸಿದ್ದರಲ್ಲಿ ಅಕ್ಕನ ಮದುವೆ ಫೋಟೋಗಳೂ ಹೋಗಿವೆ ಅಂತ ಇವತ್ತು ಗೊತ್ತಾಯಿತು. ಪೆನ್‌ಡ್ರೈವ್‌ನಲ್ಲಿ ಬರೀ ಪತ್ರಗಳು. ಅವ್ವ ಮಾತೇ ಆಡುತ್ತಿಲ್ಲ. ಏನಾದರೂ ಆಗುತ್ತಾ?

ಮಳೆಗಾಲದ ಕಪ್ಪೆ
ಈಗಲೇ ಲ್ಯಾಪ್‌ಟಾಪ್ ಆಫ್ ಮಾಡಿ. ಅಳಿಸಿದ ಫೈಲ್ ಕೂಡಲೇ ಹೋಗುವುದಿಲ್ಲ, ಆ ಜಾಗ ಖಾಲಿ ಅಂತ ಗುರುತು ಮಾಡಿರುತ್ತಾರೆ ಅಷ್ಟೇ. ಮೇಲೆ ಬೇರೆ ಏನಾದರೂ ಬರೆದಾಗ ಮಾತ್ರ ನಿಜವಾಗಿ ಹೋಗುವುದು. ತಿರುಗುವ ಹಾರ್ಡ್‌ಡಿಸ್ಕ್ ಆದರೆ ಆಸೆ ಇದೆ. ಎಸ್‌ಎಸ್‌ಡಿ ಆಗಿದ್ದರೆ ಹೆಚ್ಚು ಕಡಿಮೆ ಇಲ್ಲ. ಫೋಟೋರೆಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ನೋಡಲು ಕಪ್ಪು ಪರದೆ, ಹೆದರಬೇಡಿ. ಅದನ್ನು ಇನ್ನೊಂದು ಕಂಪ್ಯೂಟರಿನಿಂದ ಓಡಿಸಿ, ಸಿಕ್ಕ ಫೋಟೋಗಳನ್ನು ಬೇರೆ ಡಿಸ್ಕ್‌ಗೆ ಉಳಿಸಿ, ಅದೇ ಡಿಸ್ಕ್‌ಗೆ ಖಂಡಿತ ಬೇಡ. ಫೈಲಿನ ಹೆಸರು ವಾಪಸ್ ಬರುವುದಿಲ್ಲ, ಬರೀ ನಂಬರ್ ಬರುತ್ತದೆ. ಸಾವಿರಾರು ಚಿತ್ರಗಳ ಮಧ್ಯೆ ಹುಡುಕಬೇಕು.

ಕಾಫಿಕಣ
ಹಾರ್ಡ್‌ಡಿಸ್ಕೇ ಸರ್. ಗೆಳತಿಯ ಗಂಡ ಬಿಚ್ಚಿ ಅವರ ಕಂಪ್ಯೂಟರಿಗೆ ಹಾಕಿ ರಾತ್ರಿಯಿಡೀ ಓಡಿಸಿದರು. ಆರು ನೂರರಲ್ಲಿ ನಾಲ್ಕು ನೂರು ಚಿಲ್ಲರೆ ಸಿಕ್ಕಿವೆ, ಕೆಲವು ಅರ್ಧ ಬೂದು. ಗಂಗಾಪೂಜೆಯವು ಪೂರ್ತಿ ಇವೆ. ಅವ್ವ ಈಗ ಮಾತಾಡುತ್ತಿದ್ದಾರೆ, ಅಂಗಡಿಯವರ ಬಗ್ಗೆ ಮಾತ್ರ.

ಹಳೇ ಡಿಟಿಪಿ
ಇನ್ನಾದರೂ ಎರಡು ಕಡೆ ಇಡಿ. ಏಪ್ರಿಲ್ ಮೇ ಸಿಡಿಲಿಗೆ ನನ್ನ ಮೋಡೆಮ್, ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ್ದ ಬ್ಯಾಕಪ್ ಡಿಸ್ಕ್ ಮೂರೂ ಒಟ್ಟಿಗೆ ಸುಟ್ಟವು. ಬ್ಯಾಕಪ್ ಇತ್ತು, ಆದರೆ ಸಿಕ್ಕಿಸಿಯೇ ಇತ್ತು. ಅವತ್ತಿನಿಂದ ಡಿಸ್ಕ್ ಬೀರುವಿನಲ್ಲಿ ಇರುತ್ತದೆ, ಭಾನುವಾರ ಮಾತ್ರ ಹೊರಗೆ. ಫ್ರೀಫೈಲ್‌ಸಿಂಕ್‌ನಲ್ಲಿ ಎಡಗಡೆ ಲ್ಯಾಪ್‌ಟಾಪ್, ಬಲಗಡೆ ಡಿಸ್ಕ್ ಇಟ್ಟು ಒತ್ತಿದರೆ ಬದಲಾದ ಫೈಲು ಮಾತ್ರ ನಕಲಾಗುತ್ತದೆ. ಮುಖ್ಯವಾದ ನಾಲ್ಕು ಫೈಲನ್ನು ಗೂಗಲ್ ಡ್ರೈವ್‌ಗೂ ಹಾಕಿ, 15 ಜಿಬಿವರೆಗೆ ದುಡ್ಡಿಲ್ಲ. ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಡಿ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ್ದು. ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ, ಪ್ಲಗ್ ಕೀಳಲು ಸಮಯ ಸಿಗುತ್ತದೆ.

ಸುಂಟಿಕೊಪ್ಪ ಮೇಷ್ಟ್ರು
ಈಗ ಮಳೆ ಲೆಕ್ಕ. ನನಗೆ ಇದರಲ್ಲೇ ಆಸಕ್ತಿ, ಬೇರೆಯವರು ಕ್ಷಮಿಸಿ. ನಿಮ್ಮ ತಂದೆ ಎಂಟೂವರೆಗೆ ಅಳೆಯುತ್ತಾರೆ ಅಂದಿರಿ. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಬೆಳಿಗ್ಗೆ ಎಂಟೂವರೆಯಿಂದಲೇ. ಹಾಗಾಗಿ ಆ ಡೈರಿ ಬರೀ ಹವ್ಯಾಸ ಅಲ್ಲ, ಬೇರೆ ಲೆಕ್ಕಗಳ ಪಕ್ಕ ಇಟ್ಟು ನೋಡಬಹುದಾದದ್ದು.

ಕ್ಯಾಲ್ಕ್‌ನಲ್ಲಿ ಡೈರಿಯಂತೆ ತಿಂಗಳಿಗೊಂದು ಅಂಕಣ ಮಾಡಬೇಡಿ, ಎಲ್ಲರೂ ಮಾಡುವ ತಪ್ಪು ಅದು. ದಿನಕ್ಕೊಂದು ಸಾಲು. ಮೊದಲ ಅಂಕಣದಲ್ಲಿ ತಾರೀಕು, ಎರಡನೆಯದರಲ್ಲಿ ಇಂಚು, ಮೂರನೆಯದರಲ್ಲಿ ಟಿಪ್ಪಣಿ. ಮೂವತ್ತೈದು ವರ್ಷಕ್ಕೆ ಹದಿಮೂರು ಸಾವಿರದಷ್ಟು ಸಾಲು ಆಗುತ್ತದೆ, ಕ್ಯಾಲ್ಕ್‌ನಲ್ಲಿ ಹತ್ತು ಲಕ್ಷಕ್ಕೂ ಮೀರಿ ಹಿಡಿಯುತ್ತದೆ. ಆಮೇಲೆ ಪಿವೋಟ್ ಟೇಬಲ್ ಮಾಡಿ ತಾರೀಕನ್ನು ವರ್ಷ, ತಿಂಗಳು ಅಂತ ಗುಂಪು ಮಾಡಿದರೆ ಬೇಕಾದ ಕೋಷ್ಟಕ ಅದಾಗಿಯೇ ಬರುತ್ತದೆ.

ಎರಡು ಕಡೆ ಜಾರುತ್ತೀರಿ. 5 ಸೆಂಟು ಅಂದರೆ 0.05, 0.5 ಅಲ್ಲ. ತಪ್ಪಿದರೆ ಅರ್ಧ ಇಂಚಿನ ಹತ್ತಿರ ಮಳೆ ಸುಮ್ನೆ ಸೇರಿಹೋಗುತ್ತದೆ. ಇನ್ನೊಂದು, ಸೆಟ್ಟಿಂಗಿನಲ್ಲಿ ಪ್ರದೇಶ ಅಮೆರಿಕ ಅಂತಿದ್ದರೆ 3/4 ಅನ್ನುವುದನ್ನು ಮಾರ್ಚ್ 4 ಅಂತ ಓದುತ್ತದೆ. ಭಾರತ ಅಂತ ಬದಲಾಯಿಸಿಯೇ ಶುರು ಮಾಡಿ. ಮಿಲಿಮೀಟರ್ ಬೇಕಾದರೆ ಪಕ್ಕದ ಅಂಕಣದಲ್ಲಿ 25.4ರಿಂದ ಗುಣಿಸಿ. ಮೂಲ ಇಂಚಿನಲ್ಲೇ ಇರಲಿ.

ಮೆಣಸುಬಳ್ಳಿ
ಇದು ಆದರೆ ಹೂಮಳೆ ಯಾವ ವರ್ಷ ಯಾವತ್ತು ಬಿತ್ತು ಅಂತ ತೆಗೀಬಹುದಲ್ವಾ? ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಒಂದು ಇಂಚಿಗಿಂತ ಜಾಸ್ತಿ ಬಿದ್ದ ದಿನ ಅಂತ ಫಿಲ್ಟರ್ ಹಾಕಿದರೆ ಆಯ್ತು. ರೊಬಸ್ಟಾ ಕಾಫಿ ಹೂ ಬಿಡೋಕೆ ಅಷ್ಟಾದರೂ ಬೇಕು. ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುಡಬೇಕಾ ಕಾಯಬೇಕಾ ಅಂತ ಪ್ರತಿ ವರ್ಷ ತಲೆ ಕೆಡಿಸ್ಕೊಳ್ತೀವಿ. ಅಕ್ಕ, ಆ ಫೈಲ್ ಆದ ಮೇಲೆ ನಮಗೂ ತೋರಿಸಿ.

ಕಾಫಿಕಣ
ಮೂರು ವಾರ ಆಯಿತು. ಮಿಂಟ್ ಹಾಕಲಿಲ್ಲ, ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡಿದೆವು, ಪ್ರಿಂಟರ್ ಹಿಡಿಯಿತು. ಅಪ್ಪ "ನೋಡೋಣ" ಅಂದಿದ್ದಾರೆ, ಅವರ ಬಾಯಲ್ಲಿ ಅದು ಅರ್ಧ ಒಪ್ಪಿಗೆ. ಸದ್ಯಕ್ಕೆ ಲಿಬ್ರೆಆಫೀಸ್, ನುಡಿ, ಸುಮಾತ್ರ, ಪಿಡಿಎಫ್24, ಫೈರ್‌ಫಾಕ್ಸ್ ಅಷ್ಟೇ ಇವೆ.

ಮಳೆ 2019ರವರೆಗೆ ಏರಿಸಿದ್ದಾರೆ, ಹಿಂದಿನಿಂದ ಮುಂದಕ್ಕಲ್ಲ, ಈಗಿನಿಂದ ಹಿಂದಕ್ಕೆ. ದಿನಕ್ಕೆ ನಾಲ್ಕೈದು ತಿಂಗಳಿನಂತೆ. ಅವ್ವ ಓದುತ್ತಾರೆ, ಅಪ್ಪ ಒತ್ತುತ್ತಾರೆ. ಈಗ 2018ರ ಆಗಸ್ಟ್‌ಗೆ ಬಂದು ನಿಂತಿದ್ದಾರೆ. ಆ ತಿಂಗಳು ಗುಡ್ಡ ಜಾರಿದಾಗ ಅವರಿಬ್ಬರೂ ಮನೆ ಬಿಟ್ಟು ನೆಂಟರ ಮನೆಗೆ ಹೋಗಿದ್ದರು. ಆರು ದಿನದ ಪುಟ ಖಾಲಿ. ಸೊನ್ನೆ ಹಾಕಲಾ ಅಂತ ಕೇಳುತ್ತಿದ್ದಾರೆ.

ಸುಂಟಿಕೊಪ್ಪ ಮೇಷ್ಟ್ರು
ಸೊನ್ನೆ ಬೇಡವೇ ಬೇಡ. ಸೊನ್ನೆ ಅಂದರೆ ಅಳೆದೆ, ಮಳೆ ಇರಲಿಲ್ಲ ಅಂತ. ಖಾಲಿ ಅಂದರೆ ಅಳೆಯಲಿಲ್ಲ ಅಂತ. ಸರಾಸರಿ ತೆಗೆಯುವಾಗ ಕ್ಯಾಲ್ಕ್ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಖಾಲಿ ಕೋಶವನ್ನು ಬಿಡುತ್ತದೆ. ಆ ತಿಂಗಳ ಮೊತ್ತ ಕಡಿಮೆ ಬರುತ್ತದೆ, ಪಕ್ಕದಲ್ಲಿ ಒಂದು ಗುರುತು ಹಾಕಿಡಿ.

ಕಾಫಿಕಣ
ಹೇಳಿದೆ ಸರ್. ಅಪ್ಪ ಖಾಲಿ ಬಿಡಲು ಒಪ್ಪಲಿಲ್ಲ. ಆರೂ ಕೋಶದಲ್ಲಿ ಇಂಚಿನ ಜಾಗಕ್ಕೆ "ಮಳೆ ಇತ್ತು" ಅಂತ ಟೈಪ್ ಮಾಡಿದ್ದಾರೆ. ಲೆಕ್ಕ ಕೆಡುತ್ತಾ?

ಸುಂಟಿಕೊಪ್ಪ ಮೇಷ್ಟ್ರು
ಇಲ್ಲ. ಮೊತ್ತಕ್ಕೂ ಸರಾಸರಿಗೂ ಅಕ್ಷರ ಇರುವ ಕೋಶವನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಗುಣಿಸುವ ಅಂಕಣದಲ್ಲಿ ಮಾತ್ರ ಆ ಆರು ಸಾಲಿಗೆ ಎರರ್ ಕಾಣಿಸುತ್ತದೆ, ಅಲ್ಲಿ ಸೂತ್ರ ಅಳಿಸಿಬಿಡಿ. ಅವರು ಬರೆದದ್ದು ಹಾಗೇ ಇರಲಿ.